ಕೆಂಪು ಕಲ್ಲಿನ ಮೇಲೆ ಖಾರಪುಡಿ

ರಾಣೆಬೆನ್ನೂರಿನ ಗ್ರಾನೈಟ್ ಅಂಗಡಿಯಲ್ಲಿ ನನ್ನ ಅತ್ತೆ ಚೀಲದಿಂದ ಖಾರಪುಡಿಯ ಪೊಟ್ಟಣ ತೆಗೆದು, ಹೊಳೆಯುವ ಕಲ್ಲುಗಳ ಮೇಲೆ ಉದುರಿಸಿಯೇಬಿಟ್ಟರು. ಅಂಗಡಿಯವರು ಸೀನತೊಡಗಿದರು. ಬ್ಯಾಡಗಿಯ ನಮ್ಮ ಮನೆಯಲ್ಲಿ ಖಾರ ಚೆಲ್ಲದ ದಿನವಿಲ್ಲ. ಅಡುಗೆಕಟ್ಟೆಯ ಕಲ್ಲಿಗೆ ಅತ್ತೆಯ ಪರೀಕ್ಷೆ ಇದೇ. ಕಪ್ಪು ಕಲ್ಲಿನ ಮೇಲೆ ಪುಡಿ ಎದ್ದು ಕಂಡಿತು. ನಾನು ಮನಸ್ಸಿಟ್ಟಿದ್ದ ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ಮಾಯವಾಯಿತು. ಚೆಲ್ಲಿದ್ದು ಕಾಣದಿದ್ದರೆ ಒರೆಸುವುದು ಹೇಗೆ? ನನ್ನ ಕಲ್ಲು ಸೋತಿತು ಅಂದುಕೊಂಡೆ.

"ಇದರಾಗ ನನ್ನ ಖಾರ ಎಲ್ಲಿ ಹೋತ್ರಿ?" ಎಂದರು ಅತ್ತೆ.

ಅಂಗಡಿಯವರು ಮೂಗು ಒರೆಸಿಕೊಂಡರು. "ಈ ಕೆಂಪು ಕಾಳು ಫೆಲ್ಡ್‌ಸ್ಪಾರ್ ರೀ ಅವ್ವಾರ, ಅದರಾಗ ಕೂಡಿಬಿಟ್ಟೈತಿ. ಗಾಜಿನಂಥಾದ್ದು ಬೆಣಚು, ಕರೀದು ಕಾಗಿಬಂಗಾರ. ಭೂಮಿ ಹೊಟ್ಟ್ಯಾಗ ಕರಗಿದ್ದ ಕಲ್ಲು ಕೋಟಿಗಟ್ಟಲೆ ವರ್ಷದ ಹಿಂದ ನಿಧಾನಕ್ಕ ಆರಿದ್ದಕ್ಕ ಇಷ್ಟು ದಪ್ಪ ಕಾಳು ಕಟ್ಟೈತಿ."

"ಹಂಗಾರ ಇದನ್ನ ಕೊಡ್ರಿ. ಚೆಲ್ಲಿದ್ದು ಬೀಗರ ಕಣ್ಣಿಗೆ ಬೀಳಂಗಿಲ್ಲ."

ಈಗ ಮನೆಗೆ ಬಂದವರೆಲ್ಲ ನಮ್ಮ ಅಡುಗೆಮನೆ ಎಷ್ಟು ಚೊಕ್ಕ ಎಂದು ಹೊಗಳುತ್ತಾರೆ. ಆಗ ಅತ್ತೆ, ನಾನು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನೋಡಿದರೆ ನಗು ತಡೆಯಲಾಗುವುದಿಲ್ಲ. ಕಲ್ಲಂತೂ ಗುಟ್ಟು ಬಿಟ್ಟುಕೊಡುವುದಿಲ್ಲ. ನಿಜ ಗೊತ್ತಿರುವುದು ಕಟ್ಟೆ ಒರೆಸುವ ಬಟ್ಟೆಗೆ ಮಾತ್ರ.