ನಮ್ಮನಿಯವ್ರು ಹಾಡಿದ್ದು

ಕ್ಯಾಸೆಟ್ ಅಂಗಡಿ ಕಾಕು ಅವರ ಬಲಗೈ ಕಿರುಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಜಡ್ಡು ಇತ್ತು. ಕ್ಯಾಸೆಟ್ಟಿನಿಂದ ಸಡಿಲಾಗಿ ಹೊರಬಿದ್ದ ಟೇಪನ್ನು ಉಳಿದವರು ಪೆನ್ಸಿಲ್ ತೂರಿಸಿ ಸುತ್ತಿದರೆ ಕಾಕು ಕಿರುಬೆರಳನ್ನೇ ತೂರಿಸಿ ಸುತ್ತುತ್ತಿದ್ದರು. ಟೇಪು ಎಲ್ಲಿ ಬಿಗಿಯಿತು ಎನ್ನುವುದು ಪೆನ್ಸಿಲ್ಲಿಗೆ ತಿಳಿಯುವುದಿಲ್ಲ, ಹರಿದೇಬಿಡುತ್ತದೆ ಎಂಬ ಹೆದರಿಕೆ ಅವರಿಗೆ. ಅವರ ಪ್ರತಿ ಕೆಲಸದ ಹಿಂದೆಯೂ ಇಂಥದೊಂದು ಹೆದರಿಕೆ ಇದ್ದೇ ಇರುತ್ತಿತ್ತು.

ದಾಂಡೇಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿ. ಮನೆ ಮಾತ್ರ ಕಾಗದದ ಮಿಲ್ಲಿನ ಕಡೆಯ ನಮ್ಮ ಓಣಿಯಲ್ಲಿ, ನಮ್ಮ ಗೋಡೆಗೆ ಅವರ ಗೋಡೆ. ಓಣಿಯ ಮಕ್ಕಳಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಗಂಡ ಮಿಲ್ಲಿನಲ್ಲಿದ್ದವರು, ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಅಂಗಡಿಗೆ ಜೋಯಿಡಾದವರು ಕೊಂಕಣಿ ಹಾಡು ಕೇಳಿಕೊಂಡು ಬರುತ್ತಿದ್ದರು, ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಬ್ಬ ಲಾಮಾ ಖಾಲಿ ಕ್ಯಾಸೆಟ್ಟಿಗೆ ಬರುತ್ತಿದ್ದರು. ಆ ಲಾಮಾ ತಮ್ಮ ಪ್ರಾರ್ಥನೆಯ ಒಂದು ಪ್ರತಿಯನ್ನು ಕಾಕುಗೂ ಕೊಟ್ಟಿದ್ದರು. “ಒಂದಕ್ಷರಾ ತಿಳಿಯೂದಿಲ್ಲ ಬಿಡವಾ. ಆದ್ರ ಸಿಡ್ಲ ಹೊಡಿಯೂ ಮುಂದ ಹಚ್ಚಿದ್ರ ಎದಿ ಡಬಡಬ ಕಡಿಮಿ ಆಗತೈತಿ,” ಎನ್ನುತ್ತಿದ್ದರು.

ಕ್ಯಾಸೆಟ್ ಕಾಲ ಮುಗಿದ ಮೇಲೆ ಅಂಗಡಿ ಝೆರಾಕ್ಸ್ ಅಂಗಡಿಯಾಯಿತು. ಆದರೆ ಕಾಕು ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿಕೊಂಡು ಎಲ್ಲ ಕ್ಯಾಸೆಟ್ಟುಗಳನ್ನೂ ಒಂದೊಂದಾಗಿ ಇಳಿಸಿದರು. ತಮ್ಮವಷ್ಟೇ ಅಲ್ಲ, ಓಣಿಯವರ ಟ್ರಂಕುಗಳಲ್ಲಿ ಬೂಸ್ಟು ಹಿಡಿಯುತ್ತಿದ್ದವನ್ನೂ ತರಿಸಿಕೊಂಡರು. ಸೋಮವಾರದ ಭಜನೆ, ಶ್ರಾವಣದ ಭಜನೆ, ಪಾಳಾ ಊರಿನ ರೈತರು ರಾತ್ರಿಯಿಡೀ ಹಾಡಿದ ಪದಗಳು, ಎಲ್ಲವೂ ಬಂದವು. ಅವನ್ನೆಲ್ಲ ತುಂಬಿದ ಹಾರ್ಡ್ ಡಿಸ್ಕನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಒಂದು ಅಕ್ಕಿಗಂಟು ಇಡುತ್ತಿದ್ದರು, ನಮ್ಮೂರಿನ ಮಳೆಯ ಥಂಡಿ ತಾಗದಿರಲೆಂದು. ಇಷ್ಟಾದರೂ ಸಮಾಧಾನವಾಗದೆ ಇನ್ನೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿ. ಓಣಿಯವರ ಕೈಯಿಂದ ಕೈಗೆ ತಿರುಗುತ್ತಿದ್ದ ಆ ಎರಡನೆಯದು ಒಂದು ದಿನ ಒಳಗಿನಿಂದ ಕಟಕಟ ಎನ್ನತೊಡಗಿತು.

ಕಾಕು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಓಡಿಬಂದರು. ನಾನು ಹಳಿಯಾಳದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು, ಹಾಗಾಗಿ ಓಣಿಯ ಎಲ್ಲ ಯಂತ್ರಗಳಿಗೂ ನಾನೇ ಡಾಕ್ಟರು. ಕಿವಿಗೊಟ್ಟು ಕೇಳಿದೆ. ಹೆಚ್ಚು ದಿನ ಬಾಳುವ ಸದ್ದಲ್ಲ ಅದು.

“ಇನ್ನ ಇದನ್ನ ಕೈಯಿಂದ ಕೈಗೆ ಕೊಡೂದ ಬ್ಯಾಡ. ಒಂದ ಕಡೆ ಕುಂತಿರಬೇಕು, ಹಾಡಷ್ಟ ಹೊರಗ ಬರಬೇಕು. ಅಂಥಾದ್ದ ಏನರ ಐತೇನು ನೋಡು,” ಎಂದರು.

ಇತ್ತು. ಮನೆಯ ಒಂದು ಕಂಪ್ಯೂಟರಿನಲ್ಲಿ ಹಾಡುಗಳನ್ನೆಲ್ಲ ಇಟ್ಟು, ಅದೇ ವೈಫೈ ಸಿಗುವ ಯಾವ ಫೋನಿನಲ್ಲಾದರೂ ಟೀವಿಯಲ್ಲಾದರೂ ಕೇಳುವ ವ್ಯವಸ್ಥೆ. ಮೀಡಿಯಾ ಸರ್ವರ್ ಎಂದೆ. ಕಾಕು ಅದಕ್ಕೆ ಮನಿ ರೇಡಿಯೊ ಎಂದು ಹೆಸರಿಟ್ಟರು. ಅದನ್ನು ನಡೆಸುವ ತಂತ್ರಾಂಶ ಯಾವುದು ಎನ್ನುವುದಷ್ಟೇ ತೀರ್ಮಾನವಾಗಬೇಕಿತ್ತು. ಡಬ್ಬಿಯಲ್ಲಿದ್ದ ಮೊದಲ ಡಿಸ್ಕನ್ನೇ ಕಾಕು ಅವರ ಕಂಪ್ಯೂಟರಿಗೆ ಜೋಡಿಸಿ, ಮೂರನ್ನು ಹಾಕಿ ತೋರಿಸಿದೆ.

ಮೊದಲನೆಯದು ನೋಡಲು ಬಲು ಚೆಂದ. ಆದರೆ ತೆರೆಯುವ ಮೊದಲು ಎಲ್ಲೋ ದೂರದ ಕಂಪನಿಯಲ್ಲಿ ಖಾತೆ ಮಾಡಿಸಿಕೊಂಡು ಅಪ್ಪಣೆ ಪಡೆಯಬೇಕು. “ನಮ್ಮ ಮನಿ ಬಾಗಲಾ ತಗೀಲಿಕ್ಕೆ ಯಾರನೋ ಕೇಳಬೇಕಂತ! ಅಂವ ನಾಳಿ ಇಲ್ಲ ಅಂದ್ರ?” ಅಲ್ಲಿಗೆ ಅದು ಹೋಯಿತು. ಎರಡನೆಯದು ಯಾರನ್ನೂ ಕೇಳುವುದಿಲ್ಲ, ಆದರೆ ತಾನೇ ಉಮೇದಿನಿಂದ ಏನೇನೋ ಮಾಡುತ್ತದೆ. ಪಾಳಾದ ಮುದುಕರ ಭಜನೆಗೆ ಇಂಟರ್ನೆಟ್ಟಿನಿಂದ ಯಾರೋ ಕಪ್ಪು ಕನ್ನಡಕದ ಯುವಕನ ಫೋಟೊ ತಂದು ಅಂಟಿಸಿತು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮೂರನೆಯದರಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ನಾವಿಟ್ಟ ಫೋಲ್ಡರುಗಳು ಇಟ್ಟ ಹಾಗೇ ಕಾಣುತ್ತಿದ್ದವು. “ರೇಶನ್ ಕಾರ್ಡ್ ನೋಡಿದಂಗ ಆಗತೈತಿ,” ಎಂದು ಕಾಕು ಮೂಗು ಮುರಿದರು. ಎರಡನೆಯದರ ಅಕ್ಷರ ದೊಡ್ಡದು, ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಾಲ್ಕು ದಿನ ನೋಡೋಣ ಎಂದು ಅದನ್ನೇ ಓಡಲು ಬಿಟ್ಟೆವು.

ಮರುದಿನ ಪಾಠದ ನಡುವೆ ಫೋನ್ ಬಂತು. ಕಾಕು ಅವರ ದನಿ ಗುರುತೇ ಸಿಗದಷ್ಟು ನಡುಗುತ್ತಿತ್ತು.

“ಲಗೂನ ಬಾರs ತಂಗಿ. ಎಲ್ಲಾರೂ ಒಬ್ಬಾಂವ ಆಗ್ಯಾರ!”

ಸಿಕ್ಕ ಬಸ್ಸು ಹತ್ತಿದೆ. ಕಾಡಿನ ದಾರಿಯಲ್ಲಿ ಫೋನ್ ಹತ್ತಲಿಲ್ಲ. ಎಲ್ಲಾರೂ ಅಂದರೆ ಯಾರು, ಒಬ್ಬಾಂವ ಅಂದರೆ ಯಾರು ಎಂದು ಇಳಿಯುವ ತನಕ ಯೋಚಿಸುತ್ತ ಕೂತೆ. ಮನೆಗೆ ಹೋದರೆ ಹೊರಗೆ ಧೋ ಎಂದು ಮಳೆ, ಒಳಗೆ ಆಗಷ್ಟೇ ಕರೆಂಟ್ ಹೋಗಿ ಯುಪಿಎಸ್ ಚೀರುತ್ತಿದೆ, ಕಾಕು ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾರೆ. ಕಂಪ್ಯೂಟರ್ ಆರಿದರೆ ಇದ್ದದ್ದೂ ಹೋದೀತೆಂದು ಬೆಳಗಿನಿಂದ ಎದ್ದೇ ಇರಲಿಲ್ಲ.

ಪುಣ್ಯಕ್ಕೆ ಅಷ್ಟರಲ್ಲೇ ಕರೆಂಟ್ ಬಂತು. ಆದದ್ದು ಇಷ್ಟು. ಓಣಿಯ ಹೆಂಗಸರು ಟೇಪು ತಂದುಕೊಟ್ಟಾಗ ಕಾಕು, ಹಾಡಿದವರು ಯಾರು ಎಂದು ಕೇಳುತ್ತಿದ್ದರು. ಗಂಡನ ಹೆಸರು ಹೇಳುವ ಪೈಕಿ ಅಲ್ಲಿ ಯಾರಿದ್ದರು? ಒಬ್ಬೊಬ್ಬರೂ ನಾಚಿ “ನಮ್ಮನಿಯವ್ರು ರೀ” ಎನ್ನುತ್ತಿದ್ದರು. ಪರರ ಗಂಡನ ಹೆಸರು ತಮಗೆ ಗೊತ್ತಿದ್ದರೂ, ಆಕೆ ಹೇಳದ್ದನ್ನು ತಾವು ಬರೆಯುವುದು ಹೇಗೆ ಎಂದು ಕಾಕು ಹೇಳಿದ್ದನ್ನೇ ಬರೆದಿದ್ದರು. ಗಾಯಕರು: ನಮ್ಮನಿಯವ್ರು. ತಮ್ಮ ಗಂಡನ ಹಾಡಿಗೂ ಅದೇ. ಭಜನೆಯ ಕೊನೆಗೆ ಎಲ್ಲರೂ ಹಾಡುವುದು ಮಂಗಳಾರತಿ ಪದ, ಹಾಗಾಗಿ ಹಾಡಿನ ಹೆಸರೂ ಒಂದೇ. ಈ ತಂತ್ರಾಂಶ ಹೆಸರು ಓದುತ್ತದೆಯೇ ಹೊರತು ದನಿ ಕೇಳುವುದಿಲ್ಲ. ಒಬ್ಬನೇ ಗಾಯಕ, ಒಂದೇ ಹಾಡು, ಮತ್ತೆ ಮತ್ತೆ ಇದೆ, ಒಂದನ್ನಷ್ಟೇ ಉಳಿಸಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಎಲ್ಲವನ್ನೂ ಒಂದು ಕಡೆ ಇಡಲೇ ಎಂದು ಕೇಳುತ್ತಿದೆ ಅಂದುಕೊಂಡ ಕಾಕು ಹೂಂ ಎಂದು ಒತ್ತಿಬಿಟ್ಟಿದ್ದಾರೆ. ಉಳಿದದ್ದು ಒಂದೇ ಮಂಗಳಾರತಿ. ಅದರಲ್ಲಿ ಹಾಡುತ್ತಿದ್ದವರು ಹಿಂದಿನ ಓಣಿಯ ಯಾರೋ.

“ನಮ್ಮನಿಯವ್ರದು ಅದೊಂದs ಇತ್ತು,” ಎಂದರು ಕಾಕು. ಮೂಲ ಕ್ಯಾಸೆಟ್ಟು ಒಂದು ಮಳೆಗಾಲದಲ್ಲಿ ಸುರುಳಿಗೆ ಸುರುಳಿ ಅಂಟಿಕೊಂಡು ಹಾಳಾಗಿತ್ತು. ಕಟಕಟ ಎನ್ನುತ್ತಿದ್ದ ಡಿಸ್ಕನ್ನು ಜೋಡಿಸಿ ನೋಡಿದೆ, ಅದು ಕಣ್ಣೇ ಬಿಡಲಿಲ್ಲ. ಧೈರ್ಯ ಹೇಳುವುದನ್ನು ಬಿಟ್ಟು ಕಂಪ್ಯೂಟರಿನ ಮೂಲೆಮೂಲೆಯನ್ನೂ ಹುಡುಕತೊಡಗಿದೆ.

ಅಳಿಸಿದವುಗಳನ್ನು ಆ ತಂತ್ರಾಂಶ ಒಂದು ಬೇರೆ ಫೋಲ್ಡರಿಗೆ ನೂಕಿತ್ತು. ಹುಡುಕಿ ತೆಗೆದಾಗ ಎಲ್ಲವೂ ಇದ್ದವು. ನಾನು ಕಾಕು ಕಡೆ ತಿರುಗಿ ನೋಡಿದರೆ ಅವರ ಮುಖದಲ್ಲಿ ಗೆಲುವೇ ಇಲ್ಲ. ಎಲ್ಲದಕ್ಕೂ ಅದೇ ಹೆಸರು, ಹಿಂದೆ ಒಂದೊಂದು ಅಂಕಿ. ಯಾವುದು ಯಾರದೆಂದು ಕೇಳಿಯೇ ತಿಳಿಯಬೇಕಿತ್ತು.

“ಕೇಳ್ರಿ ಕಾಕು, ನಿಮಗ ಗೊತ್ತಾಗೂದಿಲ್ಲೇನು?” ಎಂದೆ.

“ಅದs ಅಂಜಿಕಿ ನನಗ. ಅವ್ರು ಹೋದ ಮ್ಯಾಲೆ ನಾ ಅದನ್ನ ಒಮ್ಮೆನೂ ಕೇಳಿಲ್ಲ. ಕಂಪ್ಯೂಟರಿಗೆ ಇಳಸೂ ಮುಂದನೂ ಆವಾಜ ಬಂದ್ ಮಾಡಿ ಹೊರಗ ಕಟ್ಟಿ ಮ್ಯಾಲೆ ಕುಂತಿದ್ದೆ. ಗುರ್ತs ಹತ್ತಲಿಲ್ಲ ಅಂದ್ರ ಏನ್ ಮಾಡ್ಲಿ?”

ಒಂದೊಂದೇ ಹಚ್ಚುತ್ತ ಹೋದೆ. ಕಾಕು ಕಣ್ಣು ಮುಚ್ಚಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. “ಇವ್ರು ಅಲ್ಲ, ಇವ್ರಿಗೆ ದಮ್ಮಿನ ಬ್ಯಾನಿ ಇತ್ತು,” ಎಂದರು. “ಇವ್ರೂ ಅಲ್ಲ, ತಾಳಾ ತಪ್ಪತಾರ.” ಮುಂದಿನದರಲ್ಲಿ ಸಣ್ಣ ದನಿಯ ಗಂಡಸೊಬ್ಬರು, ಸಂಕೋಚದಿಂದ, ತಮಗೆ ತಾವೇ ಎಂಬಂತೆ ಹಾಡುತ್ತಿದ್ದರು. ಕಾಕು ಸ್ವಲ್ಪ ಹೊತ್ತು ಕೇಳಿ ತಲೆಯಾಡಿಸಿದರು. “ಅಲ್ಲ. ಮುಂದಿಂದು ಹಚ್ಚು.”

ನಾನು ಬದಲಿಸಲು ಹೋಗುವಷ್ಟರಲ್ಲಿ ಪದ ಮುಗಿಯಿತು. ಹಾಡು ತುಂಬಿದ ದಿನ ಅದು ಮುಗಿದ ಮೇಲೂ ಕ್ಯಾಸೆಟ್ಟು ಓಡುತ್ತಲೇ ಇತ್ತೆಂದು ಕಾಣುತ್ತದೆ, ಪಾತ್ರೆಯ ಸದ್ದು ಕೇಳಿತು. ಹಿಂದೆಯೇ ಒಬ್ಬ ಎಳೆ ಹೆಂಗಸಿನ ದನಿ: “ಸಾಕ ಏಳ್ರೀ ಇನ್ನ, ಅನ್ನ ಆರತೈತಿ.”

ಅದು ಕಾಕು ದನಿ.

ಅವರು ಅಳಲಿಲ್ಲ. ಗೋಡೆಗೆ ಒರಗಿ, ದೊಡ್ಡ ತಪ್ಪಿನಲ್ಲಿ ಸಿಕ್ಕಿಬಿದ್ದವರ ಹಾಗೆ ನನ್ನನ್ನು ನೋಡಿದರು. “ಅಲ್ಲ ಅಂದ್ನಲ್ಲs ತಂಗಿ. ಅವ್ರನ್ನs ಅಲ್ಲ ಅಂದೆ,” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು ಕೀಬೋರ್ಡನ್ನು ನನ್ನ ಕಡೆ ಸರಿಸಿ “ಬರಿ,” ಎಂದರು. ಏನು ಎಂದೆ. “ಹೆಸರು ಬರಿ,” ಎಂದು, ಬಾಗಿಲ ಕಡೆ ಒಮ್ಮೆ ನೋಡಿ, ಗಂಡನ ಹೆಸರು ಹೇಳಿದರು. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಆ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಆವತ್ತೇ. ಅದನ್ನು ಇಲ್ಲಿ ಬರೆಯುವ ಮನಸ್ಸಾಗುವುದಿಲ್ಲ. ಅವರಿಗಾದರೂ ಅದು ಸುಲಭವಾಗಿ ಬಂದದ್ದಲ್ಲ.

“ಈಗ ಮತ್ತೊಮ್ಮೆ ಹಚ್ಚು,” ಎಂದರು.

ಅವತ್ತೇ ಎರಡನೆಯ ತಂತ್ರಾಂಶ ಕಿತ್ತು ಮೂರನೆಯದನ್ನು ಹಾಕಿದೆವು. ಯಾರನ್ನೂ ಯಾರ ಜೊತೆಗೂ ಕೂಡಿಸದ, ತನ್ನಷ್ಟಕ್ಕೆ ಏನೂ ಮಾಡದ ಅದರ ಬಡತನವೇ ಈಗ ಕಾಕುಗೆ ಧೈರ್ಯ. ಆಮೇಲೆ ಓಣಿಯ ಹೆಂಗಸರನ್ನೆಲ್ಲ ಮಧ್ಯಾಹ್ನದ ಹೊತ್ತು ಚಹಾಕ್ಕೆ ಕರೆದು, ನಮ್ಮನಿಯವ್ರನ್ನೆಲ್ಲ ಕೇಳಿಸಿ, ಹೆಸರು ಹೇಳಿಸಿದರು. ಕೆಲವರು ಮೊಮ್ಮಕ್ಕಳ ಬಾಯಿಂದ ಹೇಳಿಸಿದರು, ಒಬ್ಬಾಕೆ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. “ನಾಚಬ್ಯಾಡ್ರೆ ಯವ್ವಾ, ಬೇಕಾದ್ರ ಅಂಜ್ರಿ. ನಾಚಿಕಿ ಮಾಡಿದ್ದಕ್ಕ ಅವ್ರೆಲ್ಲಾ ಕಳದ ಹೋಗಿದ್ರು,” ಎಂದು ಕಾಕು ಬೈಯುತ್ತಿದ್ದರು.

ಈ ಮಳೆಗಾಲದಲ್ಲಿ ಕಾಕು ಹೋದರು. ಜ್ವರ ಬಂತು, ಎದೆಗೆ ಇಳಿಯಿತು, ಧಾರವಾಡಕ್ಕೆ ಕರೆದೊಯ್ಯುವ ಮಾತಿನಲ್ಲಿರುವಾಗಲೇ ಮುಗಿಯಿತು. ಮನಿ ರೇಡಿಯೊ ಈಗ ನಮ್ಮ ಮನೆಯಲ್ಲಿದೆ, ಜೊತೆಗೆ ಅವರ ಹೆದರಿಕೆಯೂ ಬಂದಿದೆ. ನಾನು ಮೊದಲು ಇಷ್ಟು ಅಂಜುಬುರುಕಿ ಆಗಿರಲಿಲ್ಲ. ಈಗ ಗುಡುಗಿದರೆ ಪ್ಲಗ್ ಕೀಳಲು ಓಡುತ್ತೇನೆ. ಪರ ಊರಿನಲ್ಲಿ ಕೆಲಸಕ್ಕಿರುವ ನನ್ನ ಗಂಡ ಫೋನಿನಲ್ಲಿ ಮಾತಾಡಿ ಇಟ್ಟರೆ, ಆ ದನಿ ಕಿವಿಯಲ್ಲಿ ಸರಿಯಾಗಿ ಉಳಿಯಿತೇ ಎಂದು ಒಬ್ಬಳೇ ಕೂತು ನೆನೆಸಿ ನೋಡುತ್ತೇನೆ. ಇದನ್ನು ಋಣ ಎನ್ನಬೇಕೋ ಏನೆನ್ನಬೇಕೋ ತಿಳಿಯದು. ಕೊಟ್ಟವರು ಕಾಕು, ಹಿಂದಿರುಗಿಸುವ ಮಾತೇ ಇಲ್ಲ.

ನಮ್ಮವ್ವ ಚೆನ್ನಾಗಿ ಹಾಡುತ್ತಾಳೆ. ಮೊನ್ನೆ ಭಾನುವಾರ ಅವಳನ್ನು ಅಡಿಗೆಮನೆಯಿಂದ ಎಬ್ಬಿಸಿ ತಂದು, ಮೈಕಿನ ಮುಂದೆ ಕೂರಿಸಿ, ಹಾಡುವ ಮೊದಲು ನಿನ್ನ ಹೆಸರು ಹೇಳು ಎಂದೆ. ಅವ್ವ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ನಕ್ಕಳು.

“ಯಾಕs, ನನ್ನ ಗುರ್ತ ನಿನಗಿಲ್ಲೇನು?”

ಇದೆ ಎನ್ನಲು ನನಗೆ ಧೈರ್ಯವಾಗಲಿಲ್ಲ. “ಹೇಳs ಬೇ,” ಎಂದು ಗುಂಡಿ ಒತ್ತಿದೆ.