ಸಂಜೆಯ ಒಡಪು

ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ ನುಂಗಿ, ಅಡುಗೆಮನೆಯ ಕಿಟಕಿಯ ಬಳಿ ಕೂತು, ನನ್ನ ಕೈಗಳು ಮತ್ತೆ ನನ್ನವಾಗಲಿ ಎಂದು ಕಾಯುತ್ತೇನೆ. ಇವತ್ತೂ ಕಾದೆ. ಎಡಗಣ್ಣಿನ ರೆಪ್ಪೆ ಮೆಲ್ಲಗೆ ಎದ್ದಿತು. ಎರಡಾಗಿದ್ದ ಪೇರಲ ಗಿಡ ಒಂದಾಯಿತು. ಆಮೇಲೆ ರೊಟ್ಟಿ ಬಡಿದೆ. ಆ ಹೊತ್ತಿನಲ್ಲಿ ನೋಡಿದರೆ ನನಗೆ ಕಾಯಿಲೆಯಿದೆಯೆಂದು ನೀವು ನಂಬಲಾರಿರಿ. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಕೇಳಿಸದ ಕಾಯಿಲೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೊತ್ತು ಏರಿದಂತೆ ಬಲ ಇಳಿಯುತ್ತದೆ. ಸಂಜೆಗೆ ನಾನು ನೆನೆದ ಹಪ್ಪಳ.

ಕಂಪೌಂಡಿನಾಚೆಯಿಂದ ಪಕ್ಕದ ಮನೆಯ ಗಿರಿಜಕ್ಕ ಕೂಗಿದರು: "ಸಂಜಿಗೆ ಅರಿಶಿಣ-ಕುಂಕುಮಕ್ಕ ಬರ್ರಿ. ಈ ಸಲಾನೂ ತಪ್ಪಿಸ್ಕೊಂಡ್ರ ನಾ ಮಾತಾಡಂಗಿಲ್ಲ ನೋಡ್ರಿ."

"ಬರ್ತೇನ್ರಿ ಅಕ್ಕಾರ" ಎಂದುಬಿಟ್ಟೆ. ಬೆಳಗಿನ ನಾನು ಹಾಗೆಯೇ. ಸಂಜೆಯ ನನ್ನನ್ನು ಒಂದು ಮಾತೂ ಕೇಳದೆ ಮಾತು ಕೊಡುತ್ತೇನೆ.

ಅರಿಶಿಣ-ಕುಂಕುಮವೆಂದರೆ ನನಗೆ ಗಂಡನ ಮನೆಯವರ ಊರು ಹಳಿಯಾಳ ನೆನಪಾಗುತ್ತದೆ. ಕಾಯಿಲೆಗೆ ಇನ್ನೂ ಹೆಸರಿಲ್ಲದ ಕಾಲ. ಬಸುರಿ ನಾದಿನಿಯ ಕುಬಸದ ಸಂಜೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದಲ್ಲಿ ಸುತ್ತಿ ಒಡಪು ಮಾಡಿ ಹೇಳುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಪದ್ಯಗಳು ಅಲ್ಲಿ ಕೆಲಸಕ್ಕೆ ಬಾರವು. ನಾನೇ ಒಂದನ್ನು ಕಟ್ಟಿಕೊಂಡು ಹೋಗಿದ್ದೆ. "ಹೊಳಿ ದಂಡಿ ಮ್ಯಾಲ ಬಿದಿರಿನ ಮೆಳಿ" ಎಂದೆ. ಅಷ್ಟೇ. ನಾಲಿಗೆ ಒದ್ದೆ ಹತ್ತಿಯಾಯಿತು, ದನಿ ಮೂಗಿಗೇರಿತು.

"ಯವ್ವಾ, ಗಂಡನ ಹೆಸರ ಮರತಾಳ!" ಎಂದರು ಗಂಡನ ಚಿಗವ್ವ. "ಇಂಗ್ಲಿಷಿನ್ಯಾಗರ ಹೇಳಲಿ ಬಿಡ್ರಿ."

ನಾನೂ ನಗಲು ನೋಡಿದೆ. ತುಟಿಯ ತುದಿಗಳು ಏಳಲಿಲ್ಲ. ನಗು ಸಿಡುಕಿನಂತೆ ಕಂಡಿರಬೇಕು. ಅವತ್ತಿನಿಂದ ನಾನು ಸೊಕ್ಕಿನ ಸೊಸೆ. ಕಾಯಿಲೆಗೆ ಹೆಸರು ಸಿಕ್ಕ ಮೇಲೂ ನನಗೆ ಬಿದ್ದ ಹೆಸರು ಹೋಗಲಿಲ್ಲ. ಸಂಜೆಯ ಕರೆಗಳಿಗೆಲ್ಲ ತಲೆನೋವಿನ ನೆಪ ಹೇಳುತ್ತ ಬಂದೆ. ನಾವು ಈಗಿರುವ ಈ ಅಂಬೇವಾಡಿಯ ಎಷ್ಟೋ ಸಂಜೆಗಳು ನನ್ನ ಬಾಗಿಲಾಚೆಯೇ ಹಾದುಹೋದವು, ಬಳೆಸದ್ದಾಗಿ, ಮಲ್ಲಿಗೆಯಾಗಿ.

ಇವತ್ತು ಹೋದೆ. ದೀಪಗಳು ಎರಡೆರಡಾಗಿ ತೇಲುತ್ತಿದ್ದವು. ಗಿರಿಜಕ್ಕನೂ ಇಬ್ಬರಾಗಿದ್ದರು, ಇಬ್ಬರೂ ನನ್ನ ಹಣೆಗೇ ಕುಂಕುಮ ಹಿಡಿದು ಬಂದರು. "ಒಡಪು ಹೇಳ್ರಿ" ಎಂದು ಯಾರೋ ಹಿಂದಿನಿಂದ ಒತ್ತಾಯಿಸಿದರು. ನೆಪ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ "ಹೊಳಿ ದಂಡಿ ಮ್ಯಾಲ ಬಿದಿರಿನ ಮೆಳಿ" ಎಂದೆ. ದನಿ ಮತ್ತೆ ಜಾರಿತು. ಇಳಿಯುತ್ತಿದ್ದ ಗದ್ದವನ್ನು ಅಂಗೈಯಿಂದ ಎತ್ತಿ ಹಿಡಿದೆ.

"ಸೊಕ್ಕಲ್ರಿ ಇದು, ಜಡ್ಡು. ಸಂಜಿ ಆದ್ರ ಬಾಯಿ ಸೋಲತೈತಿ. ಚೂರು ತಡೀರಿ" ಎಂದೆ.

ತಡೆದರು. ಆಮೇಲೆ ಮೂಗಿನಲ್ಲೇ ಮುಗಿಸಿದೆ: "ಶಿವಾನಂದರು ಮನ್ಯಾಗಿದ್ರ ನನಗ್ಯಾಕ ಚಳಿ?"

ಮನೆಯೆಲ್ಲ ನಕ್ಕಿತು, ಈ ಸಲ ಒಡಪಿಗೆ. ನನ್ನ ತುಟಿ ಏಳದಿದ್ದರೂ ನಾನೂ ನಕ್ಕೆನೆಂದು ಎಲ್ಲರಿಗೂ ತಿಳಿದಂತಿತ್ತು.

ಗಿರಿಜಕ್ಕ ಅರಿಶಿಣದ ಬಟ್ಟಲು ಎತ್ತಿಡುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು: "ಮುಂದಿನ ಶುಕ್ರವಾರ ಮುಂಜಾನೇನ ಇಟ್ಕೊಳ್ಳೂಣ ತಗೋರಿ. ಸಂಜೀನ ಆಗಬೇಕಂತ ದೇವಿ ಏನು ಹಟ ಹಿಡದಾಳೇನು?"