ಸಾಲಿನಲ್ಲಿ ನಿಂತವನ ವಿಚಾರಣೆ

1984ರಲ್ಲಿ ನಾನು ಹೊನ್ನಾಳಿಯ ಮುನ್ಸಿಫ್ ಕೋರ್ಟಿನಲ್ಲಿ ಜೂನಿಯರ್ ವಕೀಲನಾಗಿದ್ದೆ. ಜೂನಿಯರ್ ಎಂದರೆ ಸೀನಿಯರರ ಫೈಲು ಹೊರುವವನು, ಮುಂದಿನ ತಾರೀಕು ಬೇಡುವವನು ಮತ್ತು ಬಾರ್ ರೂಮಿನಲ್ಲಿ ಉಳಿದವರನ್ನು ನಗಿಸುವವನು. ಮೂರನೆಯ ಕೆಲಸದಲ್ಲಿ ಮಾತ್ರ ನನಗೆ ಒಳ್ಳೆಯ ಹೆಸರಿತ್ತು. ಮುನ್ಸಿಫರು ಮೂಗಿನಲ್ಲೇ ಮಾತಾಡುವುದು, ನಮ್ಮ ಸೀನಿಯರ್ ರುದ್ರಪ್ಪನವರು ಪ್ರತಿ ವಾಕ್ಯಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಜವಾನ ಕಕ್ಷಿದಾರರ ಹೆಸರನ್ನು ಗೊತ್ತೇ ಆಗದಂತೆ ಕೂಗುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಲು ನೋಡಿದೆ. ಅಣಕಿಸಲು ಅಲ್ಲಿ ಏನೂ ಇರಲಿಲ್ಲ.

ಪರೀಕ್ಷೆಯ ಕಾಲ. ಒಂದು ಬುಧವಾರ ಬೆಳಿಗ್ಗೆ ಗೋವಿನಕೋವಿಯ ಬಸಪ್ಪ ಎಂಬ ರೈತರು ಅಕ್ಕನ ಮಗನನ್ನು ಕರೆದುಕೊಂಡು ನಮ್ಮ ಆಫೀಸಿಗೆ ಬಂದರು.

"ಇವ್ನು ತಿಪ್ಪೇಶ ಸಾರ್. ಜಗಳೂರು ಕಡೆಯೋನು. ಅವ್ನ ಊರಿಗೆ ಹೈಸ್ಕೂಲು ದೂರ ಅಂತ ನಾನೇ ಇಟ್ಕಂಡು ಓದಿಸ್ತಿದ್ದೆ. ಟೀಸಿ ಬರೆದು ಹೊರಗೆ ಹಾಕ್ಯಾರೆ. ಸೋಮವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ ಐತೆ. ಹಾಲ್ ಟಿಕೆಟ್ ಬಂದೈತಂತೆ, ಹೆಡ್‌ಮಾಸ್ತರು ಬೀರುನಾಗೆ ಇಟ್ಟು ಬೀಗ ಹಾಕ್ಯಾರೆ. ಎರಡು ತಿಂಗ್ಳಿಂದ ಕಾಲು ಹಿಡಿದ್ರೂ ಕೊಡಾಕೆ ಒಲ್ರು."

ತಿಪ್ಪೇಶ ಕೈಕಟ್ಟಿಕೊಂಡು ನೆಲ ನೋಡುತ್ತಾ ನಿಂತಿದ್ದ. ನಡೆದದ್ದನ್ನೆಲ್ಲ ಹೇಳಿದವರು ಬಸಪ್ಪನವರೇ. ನ್ಯಾಮತಿ ಸಮೀಪದ ಆ ಹೈಸ್ಕೂಲಿನಲ್ಲಿ ಜನವರಿ ಇಪ್ಪತ್ತಾರರ ಧ್ವಜವಂದನೆ. ಮಕ್ಕಳು ಸಾಲಾಗಿ ಬಿಸಿಲಲ್ಲಿ ನಿಂತಿದ್ದರು. ಇಲಾಖೆಯ ಸಾಹೇಬರೊಬ್ಬರು ಸಂವಿಧಾನದ ಮೇಲೆ ಭಾಷಣ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಡುವೆ ಎಲ್ಲಿಂದಲೋ ಹೆಡ್‌ಮಾಸ್ತರ ಧ್ವನಿ ಗುಡುಗಿತು: "ವಿಸರ್ಜನ್!" ಇಡೀ ಶಾಲೆ ಚದುರಿತು. ಆದರೆ ಹೆಡ್‌ಮಾಸ್ತರು ಸಾಹೇಬರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡೇ ನಿಂತಿದ್ದರು. ಗದ್ದಲದಲ್ಲಿ ಎಂಟನೇ ಕ್ಲಾಸಿನ ಸಣ್ಣ ಹುಡುಗನೊಬ್ಬ ಬಿದ್ದು ಗದ್ದ ಒಡೆದುಕೊಂಡ. ಹೆಡ್‌ಮಾಸ್ತರ ಧ್ವನಿ ತೆಗೆಯುವುದರಲ್ಲಿ ಶಾಲೆಗೆಲ್ಲ ಒಬ್ಬನೇ ನಿಪುಣ, ಅವನು ತಿಪ್ಪೇಶ. ನೂಕುನುಗ್ಗಲು ಮಾಡಿಸಿ ಮಗುವಿಗೆ ಗಾಯ ಮಾಡಿದ ಎಂದು ಅವನನ್ನು ಶಾಲೆಯಿಂದ ತೆಗೆದರು.

ನನಗೋ, ನಮ್ಮ ಕಸುಬಿನವನೇ ಸಿಕ್ಕಿದನಲ್ಲ ಎಂದು ಒಳಗೊಳಗೇ ಖುಷಿ. ಸೀನಿಯರ್ ಮುಖದಲ್ಲಿ ಖುಷಿ ಇರಲಿಲ್ಲ. ಓದುವುದು ಮೂಲಭೂತ ಹಕ್ಕು ಎಂದು ಆಗ ಸಂವಿಧಾನದಲ್ಲಿ ನೇರವಾಗಿ ಬರೆದಿರಲಿಲ್ಲ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದು ನಿರ್ದೇಶಕ ತತ್ವಗಳಲ್ಲಿತ್ತು, ಅಷ್ಟೇ. ತಿಪ್ಪೇಶನಿಗೆ ಆ ವಯಸ್ಸೂ ದಾಟಿತ್ತು. ಶಾಲೆಯ ಶಿಸ್ತಿನ ವಿಷಯಕ್ಕೆ ಕೋರ್ಟುಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆದರೆ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಹದಿನಾಲ್ಕನೇ ವಿಧಿ ಇದೆ. ಸರ್ಕಾರದ ಅನುದಾನದಲ್ಲಿ ನಡೆಯುವ ಶಾಲೆ ಒಬ್ಬ ವಿದ್ಯಾರ್ಥಿಯ ಭವಿಷ್ಯಕ್ಕೇ ಕುತ್ತು ತರುವಂಥ ಶಿಕ್ಷೆ ಕೊಡುವ ಮೊದಲು ಅವನ ಮಾತು ಕೇಳಬೇಕು. ಇದನ್ನು ಸಹಜ ನ್ಯಾಯ ಎನ್ನುತ್ತಾರೆ. ನಮಗಿದ್ದ ಎಳೆ ಇದೊಂದೇ. ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಹಾಕುವಷ್ಟು ಸಮಯವಿರಲಿಲ್ಲ. ಅವನಿಗೆ ಪರೀಕ್ಷೆ ಬರೆಯಲು ಬಿಡಬೇಕೆಂದು ತಾತ್ಕಾಲಿಕ ಆಜ್ಞೆ ಕೋರಿ ಇಲ್ಲೇ ದಾವೆ ಹಾಕಿದೆವು.

ಗುರುವಾರ ಶಾಲೆಯವರ ಉತ್ತರ ಬಂತು: ವಿಚಾರಣೆ ನಡೆಸಿಯೇ ತೆಗೆದಿದ್ದೇವೆ, ಮರುದಿನದ ಪ್ರಾರ್ಥನೆಯಲ್ಲಿ ಎಲ್ಲರ ಎದುರಿಗೇ ಕೇಳಿದ್ದೇವೆ.

"ಹೌದೇನ್ರೀ ಬಸಪ್ಪ?" ಎಂದರು ಸೀನಿಯರ್.

"ಕೇಳಿದ್ದು ಖರೆ ಸಾರ್. 'ಕೂಗಿದ್ದು ತಿಪ್ಪೇಶ, ಅಲ್ಲ ಅನ್ನೋರು ಕೈ ಎತ್ತಿ' ಅಂದ್ರಂತೆ. ಯಾರೂ ಎತ್ತಲಿಲ್ಲ. ಇವ್ನೂ ಎತ್ತಲಿಲ್ಲ."

ಸೀನಿಯರ್ ಕನ್ನಡಕ ತೆಗೆದಿಟ್ಟರು. ಕೇಸು ಅಲ್ಲಿಗೇ ಮುಗಿದಂತಿತ್ತು. ಬಸಪ್ಪನವರ ಕಣ್ಣು ನಮ್ಮಿಬ್ಬರ ಮುಖದ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ನಮ್ಮ ಆಫೀಸಿನಲ್ಲೊಂದು ಪದ್ಧತಿಯಿತ್ತು. ದೊಡ್ಡ ಕೇಸಿನ ಹಿಂದಿನ ಸಂಜೆ ನಾನು ಎದುರು ಪಕ್ಷದವನಾಗಿ ಕುರ್ಚಿಯಲ್ಲಿ ಕೂರಬೇಕು, ಸೀನಿಯರ್ ಪ್ರಶ್ನೆ ಕೇಳುತ್ತಾ ಹೋಗಬೇಕು. ನೋಟಿಸ್ ಕೊಡಲು ಶಾಲೆಗೆ ಹೋದಾಗ ಹೆಡ್‌ಮಾಸ್ತರ ಮಾತನ್ನು ನಾನು ಗಂಟೆಗಟ್ಟಲೆ ಕೇಳಿಸಿಕೊಂಡಿದ್ದೆ. ಅವತ್ತು ಸಂಜೆ ಅವರಂತೆಯೇ ಕುರ್ಚಿಯಲ್ಲಿ ಎದೆ ಉಬ್ಬಿಸಿ ಕೂತೆ.

"ನಿಮ್ಮ ಶಾಲೇಲಿ ಶಿಸ್ತು ಹೆಂಗಿದೆ ಮಾಸ್ತರೇ?" ಎಂದರು ಸೀನಿಯರ್, ಬೇಸರದಿಂದಲೇ.

"ಶಿಸ್ತಾ? ನಮ್ಮ ಪ್ರಾರ್ಥನೇಲಿ ಮೂಗಿನ ಮೇಲೆ ನೊಣ ಕೂತ್ರೂ ಒಬ್ಬ ಕೈ ಎತ್ತಂಗಿಲ್ಲ ಸ್ವಾಮಿ! ತುಟಿ ಬಿಚ್ಚಿದ್ರೆ ಬೆತ್ತ!"

ಹೇಳಿ ಮುಗಿಸಿದ ಮೇಲೆ ನಾನೇ ಗಾಬರಿಯಾದೆ. ಸೀನಿಯರ್ ಎದ್ದು ನಿಂತಿದ್ದರು. "ಇನ್ನೊಂದ್ಸಲ ಹೇಳಯ್ಯಾ." ಕೈ ಎತ್ತಿದರೆ ಏಟು ಬೀಳುವ ಜಾಗದಲ್ಲಿ ನಿಲ್ಲಿಸಿ, ಕೈ ಎತ್ತು ಎಂದು ಕೇಳಿದ್ದರು. ಹೆಡ್‌ಮಾಸ್ತರು ಮೋಸಗಾರರಲ್ಲ. ಅದು ವಿಚಾರಣೆಯೇ ಎಂದು ಅವರು ನಿಜಕ್ಕೂ ನಂಬಿದ್ದರು.

ಶುಕ್ರವಾರ ಸೀನಿಯರ್‌ಗೆ ಶಿವಮೊಗ್ಗದಲ್ಲಿ ತಪ್ಪಿಸಲಾಗದ ಕೇಸಿತ್ತು. "ನೀನೇ ನಡೆಸು. ಮಂಗಾಟ ಮಾಡ್ಬೇಡ" ಎಂದು ಹೇಳಿ ಬಸ್ ಹತ್ತಿದರು. ನನ್ನ ಜೀವನದ ಮೊದಲ ವಾದ. ನಾನು ಸೋತರೆ ನನಗೆ ಬೈಗುಳ. ಆ ಹುಡುಗನಿಗೆ ವರ್ಷವೇ ಹೋಗುತ್ತದೆ, ಟೀಸಿಯ ಮೇಲಿನ ಕಪ್ಪು ಮಾತು ಎಲ್ಲಿ ಹೋದರೂ ಹಿಂದೆ ಬರುತ್ತದೆ.

ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಹೊರಟದ್ದು ರುದ್ರಪ್ಪನವರ ಧ್ವನಿ! ತಡೆಯಲು ನೋಡಿದಷ್ಟೂ ಅದೇ ಜೋರಾಯಿತು.

ಮುನ್ಸಿಫರು ತಲೆಯೆತ್ತಿದರು. "ಸೀನಿಯರ್ ಬಂದಿಲ್ಲ ಅಂದ್ರಿ. ಮತ್ತೆ ಯಾರು ಮಾತಾಡ್ತಿರೋದು?"

ಕೋರ್ಟು ನಕ್ಕಿತು. ಉಳಿದದ್ದನ್ನು ಯಾರದೂ ಅಲ್ಲದ ತೆಳ್ಳಗಿನ ಧ್ವನಿಯಲ್ಲಿ ಹೇಳಿದೆ: "ಸ್ವಾಮಿ, ಹೆಡ್‌ಮಾಸ್ತರು ಇಲ್ಲೇ ಇದ್ದಾರೆ. ಅವರ ಪ್ರಾರ್ಥನೆಯ ಶಿಸ್ತು ಎಂಥದ್ದು, ತಾವೇ ಒಂದು ಮಾತು ಕೇಳಬೇಕು."

ಮುನ್ಸಿಫರು ಕೇಳಿದರು. ಹೆಡ್‌ಮಾಸ್ತರು ಎದೆ ಉಬ್ಬಿಸಿದರು. ಅವರ ವಕೀಲರು ಕೋಟಿನ ತುದಿ ಜಗ್ಗುತ್ತಿದ್ದರೂ ಲೆಕ್ಕಿಸಲಿಲ್ಲ. "ಒಂದು ಕೈ ಮೇಲೇಳಂಗಿಲ್ಲ ಸ್ವಾಮಿ! ಎದ್ರೆ ಅವತ್ತೇ ಶಿಕ್ಷೆ!" ನೊಣದ ವಿಷಯವೊಂದು ಬಿಟ್ಟರೆ ಉಳಿದದ್ದೆಲ್ಲ ನಾನು ಹೇಳಿದಂತೆಯೇ.

"ಹಾಗಾದ್ರೆ ಆ ಹುಡುಗ ಕೈ ಎತ್ತೋದು ಹೆಂಗೆ ಮಾಸ್ತರೇ?" ಎಂದರು ಮುನ್ಸಿಫರು, ಮೆಲ್ಲಗೆ.

ಹೆಡ್‌ಮಾಸ್ತರು ತಮ್ಮ ವಕೀಲರ ಕಡೆ ತಿರುಗಿದರು. ಆಜ್ಞೆ ಅಲ್ಲೇ ಆಯಿತು: ನಾಳೆಯೇ ಹುಡುಗನನ್ನು ಕೂರಿಸಿ, ಭಯವಿಲ್ಲದೆ ಮಾತಾಡಲು ಬಿಟ್ಟು ಕೇಳಬೇಕು. ಆಮೇಲೆ ಹೊಸದಾಗಿ ತೀರ್ಮಾನ ಕೈಗೊಳ್ಳಬೇಕು. ಹುಡುಗ ತಪ್ಪು ಮಾಡಿಲ್ಲವೆಂದು ಕೋರ್ಟು ಹೇಳಲಿಲ್ಲ. ಹಾಲ್ ಟಿಕೆಟ್ ಇನ್ನೂ ಬೀರುವಿನಲ್ಲೇ ಇತ್ತು.

ಶನಿವಾರ ಹೆಡ್‌ಮಾಸ್ತರ ಕೋಣೆಯಲ್ಲಿ ತಿಪ್ಪೇಶನನ್ನು ಕುರ್ಚಿಯಲ್ಲಿ ಕೂರಿಸಿದರು. ಮೇಷ್ಟ್ರ ಮುಂದೆ ಕೂತು ಗೊತ್ತಿಲ್ಲದ ಅವನು ತುದಿಯಲ್ಲೇ ಜಾರುತ್ತಿದ್ದ. ನಾನೂ ಬಸಪ್ಪನವರೂ ಗೋಡೆಗೆ ಒರಗಿ ನಿಂತಿದ್ದೆವು.

"ಹೇಳಪ್ಪಾ. ಅವತ್ತು ಕೂಗಿದ್ದು ಯಾರು?"

"ನಾನೇ ಸಾರ್."

ಬಸಪ್ಪನವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮಾತಾಡುವ ಹಕ್ಕು ಗೆದ್ದುಕೊಟ್ಟರೆ ಇವನು ಅದನ್ನು ಬಳಸಿದ್ದು ಹೀಗೆ!

"ಯಾಕೋ?" ಎಂದರು ಹೆಡ್‌ಮಾಸ್ತರು.

"ಮುಂದಿನ ಸಾಲಿನ ಸಣ್ಣ ಹುಡುಗ ತೂಗಾಡಾಕೆ ಹತ್ತಿದ್ದ ಸಾರ್. ತುಟಿ ಬೆಳ್ಳಗಾಗಿದ್ವು. ಮಾತಾಡಂಗಿರ್ಲಿಲ್ಲ, ಸಾಲು ಬಿಡಂಗಿರ್ಲಿಲ್ಲ. ನೀವು ಹೇಳಿದ್ರೆ ಮಾತ್ರ ಬಿಡ್ತಾರೆ. ಅದಕ್ಕೆ ನೀವು ಹೇಳ್ದಂಗೆ ಹೇಳಿದೆ. ಅಷ್ಟ್ರಾಗೆ ಅವ್ನು ಬಿದ್ದೇಬಿಟ್ಟ."

ಆ ಸಣ್ಣ ಹುಡುಗನನ್ನು ಕ್ಲಾಸಿನಿಂದ ಕರೆಸಿದರು. ಗದ್ದದ ಮೇಲೆ ಗಾಯದ ಗೆರೆ ಇತ್ತು. "ಯಾರೂ ದೂಡಲಿಲ್ಲ ಸಾರ್. ಮುಂಜಾನೆಯಿಂದ ಏನೂ ತಿಂದಿರ್ಲಿಲ್ಲ. ಕಣ್ಣು ಕತ್ತಲೆ ಬಂತು" ಎಂದ.

ಹೆಡ್‌ಮಾಸ್ತರು ಮೇಜಿನ ಮೇಲಿನ ಬೆತ್ತವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಬೀರು ತೆಗೆದು ಹಾಲ್ ಟಿಕೆಟ್ ಕೊಟ್ಟರು. "ಟೀಸಿ ವಾಪಸ್ ತಗಂಬಾ. ಪರೀಕ್ಷೆ ಮುಗಿಯೋ ತನಕ ನಿನ್ನ ಧ್ವನೀಲೇ ಮಾತಾಡು."

ಬಸ್ಸಿಗೆ ಕಾಯುತ್ತಾ ನಿಂತಾಗ ತಡೆಯಲಾಗದೆ ಬೈದೆ: "ಲೋ ಮಾರಾಯ, ಇದನ್ನ ನಮಗೆ ಮೊದಲೇ ಹೇಳಾಕೆ ಏನಾಗಿತ್ತು? ನನ್ನ ಪ್ರಾಣ ತೆಗೆದ್ಯಲ್ಲೋ!"

"ನೀವೆಲ್ಲಾ ನಮ್ಮ ಮಾವನ್ನೇ ಕೇಳಿದ್ರಿ ಸಾರ್" ಎಂದ ಅವನು, ತಪ್ಪು ತನ್ನದೇ ಎಂಬಂತೆ.

ಈಗ ನನಗೆ ಸ್ವಂತ ಆಫೀಸಿದೆ. ಮಕ್ಕಳ ಕೇಸು ಬಂದರೆ ಜೊತೆಯಲ್ಲಿ ಬಂದ ಹಿರಿಯರನ್ನು ಮೊದಲು ಟೀಗೆ ಕಳಿಸುತ್ತೇನೆ. ಹುಡುಗನನ್ನೋ ಹುಡುಗಿಯನ್ನೋ ಕುರ್ಚಿಯಲ್ಲಿ ಕೂರಿಸಿ ಏನಾಯಿತೆಂದು ಕೇಳುತ್ತೇನೆ. ಕಾನೂನಿನ ಪುಸ್ತಕ ತೆಗೆಯುವುದು ಅವರು ಹೇಳಿ ಮುಗಿಸಿದ ಮೇಲೆ.